ಕಿವಿಗೂ ಒಂದು ಸಂಧಿಪಾಠ

ನಾನು ತಾಲ್ಲೂಕು ಕೇಂದ್ರದ ಪದವಿ ಕಾಲೇಜೊಂದಕ್ಕೆ ಇಂಗ್ಲಿಷ್ ಮೇಷ್ಟ್ರಾಗಿ ಸೇರಿದ್ದು 1994ರಲ್ಲಿ. ಕೇಳಿಸಿಕೊಂಡು ಕಲಿಯಲೆಂದು ನಮ್ಮ ವಿಭಾಗದಲ್ಲಿ ಇದ್ದದ್ದು ಒಂದು ಟೇಪ್ ರೆಕಾರ್ಡರ್, ನಾಲ್ಕು ಕ್ಯಾಸೆಟ್. ಲಂಡನ್ನಿನ ರೈಲ್ವೆ ನಿಲ್ದಾಣದಲ್ಲಿ ಯಾರೋ ಟಿಕೆಟ್ ಕೊಳ್ಳುತ್ತಿದ್ದರು. ಎಂಬತ್ತು ಮಕ್ಕಳ ಕೋಣೆಯಲ್ಲಿ ಮೂರನೇ ಬೆಂಚಿನಾಚೆಗೆ ಆ ಮಾತು ಬರೀ ಸರಸರ ಸದ್ದು. ‘ಸರ್, ಇನ್ನೊಂದ್ಸಲ’ ಎಂದು ಯಾರಾದರೂ ಕೇಳಿದರೆ ಅಂದಾಜಿನ ಮೇಲೆ ಟೇಪನ್ನು ಹಿಂದಕ್ಕೆ ಓಡಿಸಬೇಕು. ಬೇಕಾದ ಮಾತು ಸಿಗುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಟೇಪು ಸಿಕ್ಕಿಕೊಂಡ ದಿನ ಪೆನ್ಸಿಲ್ ತೂರಿಸಿ ಸುತ್ತುವುದೇ ಪಾಠ.

ಪರೀಕ್ಷೆಯಲ್ಲಿ ಕೇಳುವುದಕ್ಕೆ ಅಂಕವಿರಲಿಲ್ಲ, ಹಾಗಾಗಿ ಅದರ ಚಿಂತೆ ಯಾರಿಗೂ ಇರಲಿಲ್ಲ. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಅದಕ್ಕೂ ಮೊದಲು ಓದಿ ಬಂದ ನನ್ನ ಮಕ್ಕಳು ಐದನೇ ತರಗತಿಯಲ್ಲಿ ಎಬಿಸಿಡಿ ಕಂಡವರು. ಅವರ ಕಿವಿಗೆ ಬಿದ್ದ ಇಂಗ್ಲಿಷ್ ಎಂದರೆ ಮೇಷ್ಟ್ರ ಇಂಗ್ಲಿಷ್. ನಾನೋ, ಅರ್ಧ ಪಾಠ ಕನ್ನಡದಲ್ಲೇ ಮಾಡುತ್ತಿದ್ದವನು. ಮುಂದೆ ಹೆಡ್‌ಫೋನು, ಕಂಪ್ಯೂಟರುಗಳ ಭಾಷಾ ಪ್ರಯೋಗಾಲಯವೂ ಬಂತು. ಅದರ ಬೀಗದ ಕೈ ಯಾರ ಬಳಿ ಇದೆ ಎಂದು ಹುಡುಕುವುದರಲ್ಲೇ ಎರಡು ವರ್ಷ ಕಳೆಯಿತು.

ಗಾಳಿ ತಿರುಗಿದ್ದು 2009ರ ಸುಮಾರಿಗೆ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ನನ್ನ ಅಕ್ಕನ ಮಗ ರಜಕ್ಕೆ ಬಂದಾಗ ಒಂದು ಹಾರ್ಡ್ ಡಿಸ್ಕ್ ತಂದ. ಅದರ ತುಂಬ ಎನ್‌ಪಿಟಿಇಎಲ್ ಉಪನ್ಯಾಸಗಳು. ಏಳು ಐಐಟಿಗಳೂ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಶುರುಮಾಡಿದ ಯೋಜನೆ ಅದು. ಎಂಜಿನಿಯರಿಂಗ್ ಮಕ್ಕಳಿಗೆಂದು ಮಾಡಿದ್ದು, ಇಂಗ್ಲಿಷ್ ಕಲಿಸಲು ಅಲ್ಲ. ನಮ್ಮ ಬಿ.ಎಸ್ಸಿ. ಹುಡುಗರು ಗಣಿತದ ಪಾಠವೊಂದನ್ನು ನೋಡುತ್ತ ಕೂತದ್ದನ್ನು ಕಂಡು ನಾನೂ ಹಿಂದೆ ನಿಂತೆ. ರೈಲ್ವೆ ಟಿಕೆಟ್ಟಿನ ಸಂಭಾಷಣೆಗೆ ತೂಕಡಿಸುತ್ತಿದ್ದವರು ಇಲ್ಲಿ ತಲೆದೂಗುತ್ತಿದ್ದರು! ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ವಿಷಯ ಅವರಿಗೆ ಮೊದಲೇ ಗೊತ್ತು. ಪಾಠ ಮಾಡುವವರು ಹೇಳುತ್ತ ಹೇಳುತ್ತ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಕಿವಿ ಎಡವಿದಲ್ಲಿ ಕಣ್ಣು ಕೈ ಹಿಡಿಯುತ್ತಿತ್ತು. ಉಚ್ಚಾರಣೆಯೂ ನಮ್ಮ ಕಡೆಯದೇ.

ಅಲ್ಲಿಂದ ನನಗೊಂದು ಏಣಿ ಸಿಕ್ಕಿತು. ಮೊದಲು ಭಾರತೀಯರ ಉಪನ್ಯಾಸ. ಆಮೇಲೆ ಅಮೆರಿಕದ ಎಂಐಟಿ ತನ್ನ ಓಪನ್‌ಕೋರ್ಸ್‌ವೇರ್‌ನಲ್ಲಿ ಎಲ್ಲರಿಗೂ ಪುಕ್ಕಟೆ ತೆರೆದಿಟ್ಟಿದ್ದ ಪಾಠಗಳು. ಅಲ್ಲಿ ಗಿಲ್ಬರ್ಟ್ ಸ್ಟ್ರಾಂಗ್ ಎಂಬ ಪ್ರಾಧ್ಯಾಪಕರು ಸೀಮೆಸುಣ್ಣ ಹಿಡಿದು ಲೀನಿಯರ್ ಆಲ್ಜೀಬ್ರಾ ಹೇಳಿಕೊಡುತ್ತಿದ್ದರು. ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟೆಂದು ದುಡ್ಡು ತೆತ್ತು ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ತಂದು ತೋರಿಸುತ್ತಿದ್ದೆ. ಗಣಿತದ ಮೇಷ್ಟ್ರು, ‘ನನ್ನ ಪಾಠಾನೂ ನೀವೇ ಮಾಡ್ತೀರೇನ್ರೀ?’ ಎಂದು ನಗೆಯಾಡುತ್ತಿದ್ದರು. ಕೊನೆಗೆ ಅವರೇ ಬಂದು ಹಿಂದಿನ ಬೆಂಚಿನಲ್ಲಿ ಕೂರತೊಡಗಿದರು.

ಆದರೂ ಒಂದು ಗೋಡೆ ಒಡೆಯಲಿಲ್ಲ. ಬರೆದು ತೋರಿಸಿದರೆ ಪ್ರತಿ ಪದವೂ ಗೊತ್ತು, ಕೇಳಿದರೆ ಒಂದೂ ತಿಳಿಯದು. ‘ಸರ್, ಅವ್ರು ಪದಗಳನ್ನ ನುಂಗಿಬಿಡ್ತಾರೆ’ ಎಂದು ದೂರು. ಒಂದು ದಿನ ನನಗೇ ನಗು ಬಂತು. ‘ಏನು ಮಾಡುತ್ತಾ ಇದ್ದೀಯೆ’ ಎಂದು ನಮ್ಮಲ್ಲಿ ಯಾರಾದರೂ ಬಿಡಿಸಿ ಕೇಳುತ್ತಾರೆಯೇ? ‘ಏನ್ಮಾಡ್ತಿದೀಯ’ ಎನ್ನುತ್ತೇವೆ. ಹಾಗಿದ್ದ ಮೇಲೆ ಇಂಗ್ಲಿಷಿನವರು ಮಾತ್ರ ಬಿಡಿಬಿಡಿಯಾಗಿ ಏಕೆ ಹೇಳಬೇಕು?

ಬೋರ್ಡಿನ ಮೇಲೆ ಹೈಸ್ಕೂಲಿನ ಸಂಧಿಪಾಠ ಬರೆದೆ. ಮನೆ ಮತ್ತು ಅಲ್ಲಿ ಸೇರಿದರೆ ಮನೆಯಲ್ಲಿ, ಯಕಾರಾಗಮ. ಹಾಗೆಯೇ ‘ಸೀ ಇಟ್’ ಎಂಬುದು ‘ಸೀಯಿಟ್’ ಆಗುತ್ತದೆ. ಮಗು ಮತ್ತು ಅನ್ನು ಸೇರಿದರೆ ಮಗುವನ್ನು, ವಕಾರಾಗಮ. ‘ಗೋ ಆನ್’ ಹಾಗೆಯೇ ‘ಗೋವಾನ್’. ‘ನೆಕ್ಸ್ಟ್ ಡೇ’ ಎಂಬುದರಲ್ಲಿ ನಡುವಿನ ಟಕಾರ ಲೋಪ. ‘ಡಿಡ್ ಯು’ ಎಂಬುದು ‘ಡಿಜು’ ಆದರೆ ಆದೇಶ. ವ್ಯಾಕರಣ ಪಂಡಿತರು ಈ ಹೋಲಿಕೆಯನ್ನು ಪೂರ್ತಿ ಒಪ್ಪಲಾರರು. ಮಕ್ಕಳಿಗೆ ಮಾತ್ರ ದೀಪ ಹಚ್ಚಿದಂತಾಯಿತು. ಕನ್ನಡ ಓದುವಾಗ ಬಹುಮಟ್ಟಿಗೆ ಬರೆದದ್ದನ್ನೆಲ್ಲ ಉಚ್ಚರಿಸುವವರು ನಾವು. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಪದ ಮಾತ್ರ ತಲೆ ಎತ್ತಿ ನಿಲ್ಲುತ್ತದೆ. ‘ಆಫ್’, ‘ಟು’, ‘ಹ್ಯಾವ್’ ಮೊದಲಾದವು ಸದ್ದಿಲ್ಲದೆ ನಡುವೆ ನುಸುಳಿ ಹೋಗುತ್ತವೆ. ನಮ್ಮ ಕಿವಿ ಹುಡುಕುವುದು ಅವನ್ನೇ.

2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ನನ್ನ ಪೆನ್‌ಡ್ರೈವ್ ಮೂಲೆ ಸೇರಿತು. ಉಪನ್ಯಾಸಗಳೆಲ್ಲ ಮಕ್ಕಳ ಅಂಗೈಗೇ ಬಂದವು. ಒಂದು ಇಯರ್‌ಫೋನನ್ನು ಇಬ್ಬರು ಹಂಚಿಕೊಂಡು, ಬಸ್ಸಿಗೆ ಕಾಯುತ್ತ ಟೆಡ್ ಭಾಷಣ ಕೇಳುವುದನ್ನು ಕಂಡೆ. ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಅದು ತಪ್ಪು ಲೆಕ್ಕ. ದಿನಕ್ಕೊಂದು ಭಾಷಣ ಕೇಳುತ್ತೇನೆ ಎನ್ನುತ್ತಿದ್ದ ಹುಡುಗಿಗೆ ಒಂದು ದಿನ ಪರದೆಯ ಕೆಳಗಿನ ಅಕ್ಷರಗಳನ್ನು ಮುಚ್ಚಿ ಕೇಳಿಸಿದೆ. ಅವಳ ಮುಖ ಬಾಡಿತು. ಅಷ್ಟು ದಿನ ಅವಳು ಕೇಳಿರಲಿಲ್ಲ, ಓದಿದ್ದಳು.

ಆಮೇಲೆ ನಾನು ಕಟ್ಟಿಕೊಂಡ ಪದ್ಧತಿ ಸರಳ. ಗಂಟೆಯ ಉಪನ್ಯಾಸದಲ್ಲಿ ಒಂದೇ ಒಂದು ನಿಮಿಷ ಆರಿಸುವುದು. ಮೊದಲ ಸಲ ಅಕ್ಷರ ಮುಚ್ಚಿ ಸುಮ್ಮನೆ ಕೇಳಿ, ಯಾವುದರ ಬಗ್ಗೆ ಮಾತು ಎಂದಷ್ಟೇ ಹೇಳಬೇಕು. ಎರಡನೆಯ, ಮೂರನೆಯ ಸಲ ಕೇಳಿದಷ್ಟನ್ನು ಬರೆಯಬೇಕು. ಬೇಕಿದ್ದರೆ ವೇಗವನ್ನು ಮುಕ್ಕಾಲಿಗೆ ಇಳಿಸಬಹುದು. ಕೊನೆಗೆ ಅಕ್ಷರ ತೆರೆದು, ಕಿವಿ ತಪ್ಪಿದಲ್ಲೆಲ್ಲ ಕೆಂಪು ಗೆರೆ. ಕೆಂಪು ಗೆರೆ ಬಿದ್ದದ್ದು ದೊಡ್ಡ ದೊಡ್ಡ ಪದಗಳಿಗಲ್ಲ, ಮೂರನೇ ತರಗತಿಯ ಮಗುವಿಗೂ ಗೊತ್ತಿರುವ ಪುಡಿ ಪದಗಳಿಗೆ. ತಾನೇ ಮೂಡಿಬರುವ ಅಕ್ಷರಗಳನ್ನೂ ನಂಬಬೇಡಿ ಎನ್ನುತ್ತಿದ್ದೆ. ಯಂತ್ರದ ಕಿವಿಯೂ ತಪ್ಪುತ್ತದೆ. ಅದರ ತಪ್ಪು ಹಿಡಿದವರಿಗೆ ಕ್ಯಾಂಟೀನಿನಲ್ಲಿ ಒಂದು ಮಸಾಲೆ ದೋಸೆ. ಮೂರು ವರ್ಷದಲ್ಲಿ ಹದಿನೇಳು ದೋಸೆ ಕೊಡಿಸಿದ್ದೇನೆ.

ನಾಚಿಕೆಯ ಮಕ್ಕಳಿಗೆ ಇದರಿಂದ ಆದ ಉಪಕಾರ ದೊಡ್ಡದು. ತರಗತಿಯಲ್ಲಿ ‘ಅರ್ಥ ಆಗ್ಲಿಲ್ಲ ಸರ್’ ಎನ್ನಲು ಎದ್ದು ನಿಲ್ಲಬೇಕು, ಹಿಂದಿನವರು ನಗುತ್ತಾರೆ. ವಿಡಿಯೊದ ಮೇಷ್ಟ್ರನ್ನು ಇಪ್ಪತ್ತು ಸಲ ಹಿಂದಕ್ಕೆ ಎಳೆದರೂ ಅವರು ಹುಬ್ಬು ಗಂಟಿಕ್ಕುವುದಿಲ್ಲ.

ಅದೇ ಅಭ್ಯಾಸ ಮುಳುವಾದದ್ದನ್ನೂ ಕಂಡೆ. ನರ್ಸಿಂಗ್ ಮುಗಿಸಿ ವಿದೇಶಕ್ಕೆ ಹೊರಟ ಹಳೆಯ ವಿದ್ಯಾರ್ಥಿನಿಯೊಬ್ಬಳು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆದು ಬಂದು ಅತ್ತಳು. ಅದರಲ್ಲಿ ಕೇಳುವ ಪರೀಕ್ಷೆ ಸುಮಾರು 30 ನಿಮಿಷ, 40 ಪ್ರಶ್ನೆ, ಕೊನೆಯ ಭಾಗ ಉಪನ್ಯಾಸ. ಎಲ್ಲವನ್ನೂ ಕೇಳಿಸುವುದು ಒಂದೇ ಸಲ. ಒಂದು ಪದ ತಪ್ಪಿತೆಂದು ಅದರ ಹಿಂದೆಯೇ ಮನಸ್ಸು ಓಡಿ, ಮುಂದಿನ ಮೂರು ಉತ್ತರ ಕಳೆದುಕೊಂಡಿದ್ದಳು. ಅಂದಿನಿಂದ ವಾರದ ಕೊನೆಯ ಪಾಠದಲ್ಲಿ ಹೊಸದೊಂದು ನಿಮಿಷ, ಒಂದೇ ಸಲ. ತಪ್ಪಿದ್ದನ್ನು ಬಿಟ್ಟು ಮುಂದಕ್ಕೆ ಹೋಗುವುದೂ ಕೇಳುವ ವಿದ್ಯೆಯೇ. ಎರಡನೇ ಸಲ ಅವಳು ಗೆದ್ದಳು.

ಈಗ ನಿವೃತ್ತ. ಕಿರಿಯ ಮೇಷ್ಟ್ರುಗಳು ಸಿಕ್ಕಾಗ, ‘ಮಕ್ಕಳಿಗೆ ಲಿಂಕ್ ಕಳಿಸಿದ್ದೀವಿ ಸರ್’ ಎನ್ನುತ್ತಾರೆ. ಲಿಂಕು ಕಳಿಸಿದರೆ ಪಾಠ ಮಾಡಿದಂತಾಗುವುದಿಲ್ಲಪ್ಪ. ಆ ಗಂಟೆಯೊಳಗಿನ ಒಂದು ನಿಮಿಷ ಆರಿಸಿ ಕೊಡಿ, ಅಕ್ಷರ ಮುಚ್ಚಿಸಿ, ಬರೆಸಿ, ಕೆಂಪು ಗೆರೆಯನ್ನು ಅವರ ಕೈಯಿಂದಲೇ ಎಳೆಸಿ. ದೋಸೆ ಕೊಡಿಸುವುದು ಬಿಡುವುದು ನಿಮಗೆ ಬಿಟ್ಟದ್ದು.