ಶನಿವಾರ ಮಧ್ಯಾಹ್ನದ ಕಚೇರಿ

ಶನಿವಾರ ರಾತ್ರಿ ಒಂಬತ್ತೂವರೆಯಾಯಿತೆಂದರೆ ಮೈಸೂರಿನ ಅಗ್ರಹಾರದ ಆ ಮನೆಯಲ್ಲಿ ಮಾತು ನಿಲ್ಲುತ್ತಿತ್ತು. ಗೋಡೆಯ ಹಲಗೆಯ ಮೇಲಿದ್ದ ರೇಡಿಯೊದ ಕಸೂತಿ ಹೊದಿಕೆಯನ್ನು ಮನೆಯ ಯಜಮಾನರು ತಾವೇ ಸರಿಸುತ್ತಿದ್ದರು. ಆಕಾಶವಾಣಿ 1952ರಲ್ಲಿ ಆರಂಭಿಸಿದ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮವನ್ನು ಕೇಳಲು ಅಕ್ಕಪಕ್ಕದ ನಾಲ್ಕು ಮನೆಯವರು ಜಗುಲಿಯ ಮೇಲೆ ಸೇರುತ್ತಿದ್ದರು. ಮನೆಯ ಹುಡುಗ ಕಂಬಕ್ಕೆ ಒರಗಿ ಕೂತವನು ರಾಗಾಲಾಪನೆ ಮುಗಿಯುವುದರೊಳಗೆ ನಿದ್ದೆ ಹೋಗುತ್ತಿದ್ದ. ಆದರೂ ಮರುದಿನ ಬೆಳಿಗ್ಗೆ ಯಾರಾದರೂ ಕೇಳಿದರೆ, ‘ಕಾಂಬೋದಿ ಚೆನ್ನಾಗಿತ್ತು’ ಎಂದು ದೊಡ್ಡವರು ಹೇಳಿದ್ದನ್ನೇ ಒಪ್ಪಿಸುತ್ತಿದ್ದ.

ಆ ಹುಡುಗ ಬೆಳೆದು ವಿದ್ಯುತ್ ಇಂಜಿನಿಯರ್ ಆಗಿ, 1974ರಲ್ಲಿ ಅಮೆರಿಕದ ನ್ಯೂಜೆರ್ಸಿಗೆ ಹೋಗಿ ನೆಲೆಸಿದ. ಅಲ್ಲಿಯ ಕನ್ನಡಿಗರ ಬಾಯಲ್ಲಿ ರಾಯರಾದ. ರಾಯರ ಶನಿವಾರಗಳೆಂದರೆ ಬಟ್ಟೆ ಒಗೆಯುವುದು, ಹಿಮ ಗುಡಿಸುವುದು, ವಾರಕ್ಕಾಗುವಷ್ಟು ಸಾಮಾನು ತರುವುದು. ಸಂಗೀತ ಎಂದರೆ ಊರಿನಿಂದ ತಂದ ಏಳೆಂಟು ಕ್ಯಾಸೆಟ್‌ಗಳು ಮಾತ್ರ.

ಮಗನಿಗೆ ಹತ್ತು ವರ್ಷವಾದಾಗ ಶಾಲೆಯಲ್ಲಿ ಮಕ್ಕಳಿಗೆಲ್ಲ ವಾದ್ಯ ಕೊಟ್ಟರು. ಈ ಹುಡುಗನ ಸರದಿ ಬರುವಷ್ಟರಲ್ಲಿ ಪಿಟೀಲುಗಳೆಲ್ಲ ಖಾಲಿಯಾಗಿ ವಯೋಲಾ ಒಂದು ಉಳಿದಿತ್ತು. ಪಿಟೀಲಿಗಿಂತ ಗಾತ್ರದಲ್ಲಿ ತುಸು ದೊಡ್ಡದು, ದನಿಯಲ್ಲಿ ತುಸು ತಗ್ಗು. ವಾದ್ಯವೃಂದದ ನಡುವೆ ಕೂತು ಎಲ್ಲರನ್ನೂ ಹಿಡಿದು ನಿಲ್ಲಿಸುವ, ಆದರೆ ಯಾರೂ ಹೆಸರು ಹಿಡಿದು ಹೊಗಳದ ವಾದ್ಯ. ‘ಪಿಟೀಲಿನ ಸೋದರಮಾವ ಇದ್ದ ಹಾಗಿದೆ’ ಎಂದರು ರಾಯರ ಹೆಂಡತಿ. ಆ ಹೆಸರೇ ಮನೆಯಲ್ಲಿ ಉಳಿಯಿತು.

ಸಂಗೀತದ ಮೇಷ್ಟ್ರು ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದರು. ಶನಿವಾರ ಮಧ್ಯಾಹ್ನ ರೇಡಿಯೊದಲ್ಲಿ ಬರುವ ಆಪೆರಾ ಕೇಳಿ ಅರ್ಧ ಪುಟ ಬರೆದು ತರಬೇಕು. ಊಟದ ಹೊತ್ತಿಗೆ ಅಡುಗೆಮನೆಯ ರೇಡಿಯೊ ಶುರುವಾಯಿತು. ಮೊದಲ ಶನಿವಾರ ರಾಯರು ಬಟ್ಟಲು ಕೆಳಗಿಟ್ಟು ಕೇಳಿದರು: ‘ಯಾಕೋ ಹೀಗೆ ಕಿರುಚ್ತಾಳೆ ಆಯಮ್ಮ? ಯಾರಾದರೂ ಹೊಡೆದರೇನೋ?’

‘ಪ್ರೀತಿ ಅಪ್ಪ ಅದು’ ಎಂದ ಮಗ ಗಂಭೀರವಾಗಿ.

ಆಪೆರಾ ಎಂದರೆ ಹೆಚ್ಚಿನವರಿಗೆ ಇಷ್ಟೇ ಪರಿಚಯ. ನಮ್ಮ ಕಂಪನಿ ನಾಟಕದಲ್ಲಿ ಮಾತಿನ ನಡುವೆ ರಂಗಗೀತೆ ಬಂದರೆ, ಇಲ್ಲಿ ಹಾಡಿನ ನಡುವೆಯೂ ಹಾಡೇ. ‘ಬಾಗಿಲು ಹಾಕು’ ಎನ್ನುವುದನ್ನೂ ಬಹುಮಟ್ಟಿಗೆ ಹಾಡಿಯೇ ಹೇಳಬೇಕು. ಅದು ಟಿಕೆಟ್ ಕೊಳ್ಳಬಲ್ಲ ಸಿರಿವಂತರ ಸೊತ್ತಾಗಿಯೇ ಉಳಿದುಬಿಡಬಹುದಿತ್ತು. ಹಾಗಾಗದಂತೆ ತಡೆದದ್ದರಲ್ಲಿ ರೇಡಿಯೊದ ಪಾಲು ದೊಡ್ಡದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಿಂದ 1910ರ ಜನವರಿಯಲ್ಲೇ ಕರೂಸೊನಂಥ ಗಾಯಕನ ದನಿಯನ್ನು ಪ್ರಯೋಗಕ್ಕಾಗಿ ಗಾಳಿಯಲ್ಲಿ ಕಳಿಸಿದ್ದರು. ಇಡೀ ಆಪೆರಾದ ಪ್ರಸಾರ ಆರಂಭವಾದದ್ದು 1931ರ ಕ್ರಿಸ್‌ಮಸ್ ದಿನ. ಅಂದು ಬಂದದ್ದು ಮಕ್ಕಳ ಕಥೆಯನ್ನು ಆಧರಿಸಿದ ‘ಹ್ಯಾನ್ಸೆಲ್ ಮತ್ತು ಗ್ರೆಟೆಲ್’. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಕೆಲಸ ಕಳೆದುಕೊಂಡವನೂ, ಊರಾಚೆಯ ಹೊಲದ ಮನೆಯವನೂ ಅಂದಿನಿಂದ ಕಾಸು ಕೊಡದೆ ಆಪೆರಾ ಕೇಳಬಹುದಾಯಿತು. ಮಿಲ್ಟನ್ ಕ್ರಾಸ್ ಎಂಬ ಉದ್ಘೋಷಕರು 1931ರಿಂದ 1975ರಲ್ಲಿ ತೀರಿಕೊಳ್ಳುವವರೆಗೆ ಪರದೆ ಏಳುವ ಮುನ್ನ ಕಥೆಯನ್ನು, ಉಡುಪನ್ನು, ರಂಗಸಜ್ಜಿಕೆಯನ್ನು ಮಾತಿನಲ್ಲೇ ಕಟ್ಟಿಕೊಡುತ್ತಿದ್ದರು. ಅಂಕಗಳ ನಡುವಣ ವಿರಾಮದಲ್ಲಿ ರಸಪ್ರಶ್ನೆಯೂ ಇರುತ್ತಿತ್ತು.

ರಾಯರು ಆಪೆರಾದ ಕಡೆ ತಿರುಗಿದ್ದು ಸಂಗೀತದ ದಾರಿಯಿಂದಲ್ಲ, ಸುದ್ದಿಯ ದಾರಿಯಿಂದ. ಅವರಿಗೆ ಬೆಳಗಿನ ಪತ್ರಿಕೆಯನ್ನು ಕೊನೆಯ ಪುಟದವರೆಗೆ ಓದುವ ಚಟ. 1990ರ ಜುಲೈನಲ್ಲಿ ಇಟಲಿಯಲ್ಲಿ ವಿಶ್ವಕಪ್ ಫುಟ್‌ಬಾಲ್ ನಡೆದಾಗ, ಫೈನಲ್‌ನ ಹಿಂದಿನ ದಿನ ರೋಮ್‌ನ ಪ್ರಾಚೀನ ಸ್ನಾನಗೃಹದ ಅವಶೇಷಗಳ ನಡುವೆ ಪವರೊಟ್ಟಿ, ಡೊಮಿಂಗೊ, ಕರೆರಾಸ್ ಮೂವರೂ ಒಂದೇ ವೇದಿಕೆಯಲ್ಲಿ ಹಾಡಿದರು. ಕರೆರಾಸ್ ರಕ್ತದ ಕ್ಯಾನ್ಸರಿನಿಂದ ಗುಣವಾಗಿ ಬಂದಿದ್ದವರು. ಮುಂದೆ ನಿಂತು ವಾದ್ಯವೃಂದ ನಡೆಸಿದವರು ಮುಂಬಯಿಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ. ‘ನಮ್ಮವನು ಕಣೋ’ ಎಂದು ರಾಯರು ಟೀವಿಯ ಮುಂದೆ ಕೂತರು. ಕೂತವರು ಏಳಲಿಲ್ಲ.

ಅಂದಿನಿಂದ ಅಪ್ಪ ಮಗ ಒಂದು ಕ್ರಮ ಮಾಡಿಕೊಂಡರು. ಶುಕ್ರವಾರ ಸಂಜೆ ಗ್ರಂಥಾಲಯದಿಂದ ಮರುದಿನದ ಆಪೆರಾದ ಕಥೆಯ ಪುಸ್ತಕ ತರುವುದು. ಪತ್ರಿಕೆಯಲ್ಲಿ ಬಂದ ವಿಮರ್ಶೆಯನ್ನು ಕತ್ತರಿಸಿ ಇಡುವುದು. ಯಾವ ಗಾಯಕಿಗೆ ಶೀತವಾಗಿದೆ, ಅವಳ ಬದಲು ಯಾರು ಹಾಡುತ್ತಾರೆ ಎಂಬುದೂ ರಾಯರಿಗೆ ಗೊತ್ತಿರುತ್ತಿತ್ತು. ಸುದ್ದಿ ಗೊತ್ತಿದ್ದರೆ ಕಿವಿಗೆ ಒಂದು ಕಾತರ ಬರುತ್ತದೆ. ಕ್ರಿಕೆಟ್ ಆಟಗಾರನ ಮೊಣಕಾಲು ನೋವಿನ ವಿಷಯ ಓದಿದವನು ಮರುದಿನ ಅವನ ಪ್ರತಿ ಓಟವನ್ನೂ ಉಸಿರು ಬಿಗಿಹಿಡಿದು ನೋಡುವುದಿಲ್ಲವೆ?

ಇಂಜಿನಿಯರ್ ತಲೆಗೆ ಇನ್ನೊಂದು ಪ್ರಶ್ನೆ ಹೊಕ್ಕಿತು. ಸುಮಾರು 3,800 ಆಸನಗಳ ಆ ಭವನದಲ್ಲಿ ಗಾಯಕರ ಮುಂದೆ ಧ್ವನಿವರ್ಧಕವಿಲ್ಲ. ಎದುರಿಗೆ ದೊಡ್ಡ ವಾದ್ಯವೃಂದ. ಒಂದು ಗಂಟಲು ಅಷ್ಟನ್ನೂ ದಾಟುವುದು ಹೇಗೆ? ಓದಿ ತಿಳಿದುಕೊಂಡರು. ವಾದ್ಯವೃಂದದ ಶಕ್ತಿ ಹೆಚ್ಚಾಗಿರುವುದು ಸೆಕೆಂಡಿಗೆ 500 ಕಂಪನಗಳ ಆಸುಪಾಸಿನಲ್ಲಿ. ಪಳಗಿದ ಗಾಯಕರು, ಮುಖ್ಯವಾಗಿ ಪುರುಷರು, ಗಂಟಲಿನ ಒಳಗಿನ ಆಕಾರವನ್ನು ಬದಲಿಸಿ 3,000 ಕಂಪನಗಳ ಸುತ್ತ ತಮ್ಮ ದನಿಗೆ ಹೊಳಪು ಕೊಡುತ್ತಾರೆ. ಅಲ್ಲಿ ವಾದ್ಯಗಳ ಗದ್ದಲ ಕಡಿಮೆ, ಮನುಷ್ಯನ ಕಿವಿ ಚುರುಕು. ಗಾಯಕ ಗದ್ದಲವನ್ನು ಗೆಲ್ಲುವುದಿಲ್ಲ, ಅದರಲ್ಲೊಂದು ಕಿಂಡಿ ಹುಡುಕಿ ಹೊರಬರುತ್ತಾನೆ. ಇದನ್ನು ರಾಯರು ಮನೆಗೆ ಬಂದ ನೆಂಟರಿಗೆಲ್ಲ ಚಿತ್ರ ಬರೆದು ವಿವರಿಸುತ್ತಿದ್ದರು. ಹೆಂಡತಿ ಕಾಫಿ ತಂದಿಟ್ಟು, ‘ಸಾಕು ಬಿಡಿ, ಅವರು ಊಟಕ್ಕೆ ಬಂದಿದ್ದಾರೆ’ ಎನ್ನುತ್ತಿದ್ದರು.

ಒಂದು ಸಂಜೆ ರೇಡಿಯೊದಲ್ಲಿ ರಿಚರ್ಡ್ ಸ್ಟ್ರಾಸ್‌ನ ‘ಕೊನೆಯ ನಾಲ್ಕು ಗೀತೆಗಳು’ ಬರುವುದಿತ್ತು. ಉದ್ಘೋಷಕರು ಪೀಠಿಕೆಯಾಗಿ ಹೇಳಿದ ಮಾತಿನಲ್ಲಿ ಒಂದು ಪದ ಕೇಳಿ ರಾಯರು ಬಟಾಣಿ ಬಿಡಿಸುತ್ತಿದ್ದ ಕೈಯನ್ನು ನಿಲ್ಲಿಸಿದರು. ಅದು ‘ಮೈಸೂರು’. ಸ್ಟ್ರಾಸ್ ಆ ಗೀತೆಗಳನ್ನು ರಚಿಸಿದ್ದು 1948ರಲ್ಲಿ, ತನ್ನ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ. ಮರುವರ್ಷ ತೀರಿಕೊಂಡ. ಅವುಗಳ ಮೊದಲ ಕಚೇರಿ ನಡೆದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದವರು ಫರ್ಟ್‌ವಾಂಗ್ಲರ್, ನುಡಿಸಿದ್ದು ಫಿಲ್ಹಾರ್ಮೋನಿಯಾ ವಾದ್ಯವೃಂದ. ಆ ಕಚೇರಿಯ ಖರ್ಚಿಗೆ ಜಾಮೀನು ನಿಂತವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ತಾವು ಹೋಗಲಾಗದಿದ್ದರೂ ಅದರ ಧ್ವನಿಮುದ್ರಣ ಮೈಸೂರಿಗೆ ಬರಬೇಕೆಂಬುದು ಅವರ ಆಸೆ. ಮೆಟ್ನರ್ ಎಂಬ ರಷ್ಯನ್ ಸಂಗೀತಗಾರನ ಕೃತಿಗಳು ಮುದ್ರಣಗೊಂಡದ್ದೂ ಅವರ ನೆರವಿನಿಂದಲೇ.

ರಾಯರು ಚಿಕ್ಕಂದಿನಲ್ಲಿ ಅದೇ ಮಹಾರಾಜರನ್ನು ದಸರೆಯ ಅಂಬಾರಿಯ ಮೇಲೆ, ಅಪ್ಪನ ಹೆಗಲೇರಿ ನೋಡಿದ್ದರು. ಅಡುಗೆಮನೆಯಲ್ಲಿ ಆ ಹಾಡುಗಳನ್ನು ಮೂವರೂ ಕೂತು ಕೇಳಿದರು. ಕೊನೆಯದರಲ್ಲಿ ವಯಸ್ಸಾದ ದಂಪತಿ ಕೈಹಿಡಿದು ಸಂಜೆಯ ಬೆಳಕನ್ನು ನೋಡುತ್ತಾರೆ. ಎರಡು ಬಾನಾಡಿಗಳು ಮೇಲೇರುವುದನ್ನು ಕೊಳಲುಗಳು ತೋರಿಸುತ್ತವೆ. ಹಾಡು ನಿಂತ ಮೇಲೆ ಹೆಂಡತಿ, ‘ಭಾಷೆ ತಿಳಿಯದಿದ್ದರೂ ತಿಳಿಯಿತು ನೋಡಿ’ ಎಂದರು.

ಎರಡು ವರ್ಷ ಕಳೆಯಿತು. 1995ರಲ್ಲಿ ಮಗ, ತಾನು ಸಂಗೀತದ ಕಾಲೇಜಿಗೆ ಅರ್ಜಿ ಹಾಕುತ್ತೇನೆ ಎಂದ. ರಾಯರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. ‘ಹೊಟ್ಟೆಗೇನು ತಿಂತೀಯ? ಸೋದರಮಾವ ಅನ್ನ ಹಾಕ್ತಾನಾ?’ ಎಂದರು. ನಗೆಯ ಮಾತಿನಂತೆ ಹೇಳಿದರು, ಯಾರೂ ನಗಲಿಲ್ಲ.

‘ಮಹಾರಾಜರು ಸಂಗೀತಕ್ಕೆ ದುಡ್ಡು ಕೊಟ್ಟರೆ ಹೆಮ್ಮೆ, ನಿಮ್ಮ ಮಗ ನುಡಿಸಿದರೆ ಅವಮಾನವಾ ಅಪ್ಪ?’ ಎಂದು ಹುಡುಗ ಕೇಳಿದ. ಅದೊಂದೇ ಸಲ. ಆಮೇಲೆ ಕಂಪ್ಯೂಟರ್ ಓದಿದ, ಒಳ್ಳೆಯ ಕೆಲಸ ಹಿಡಿದ, ಶಿಕಾಗೊದಲ್ಲಿ ಮನೆ ಮಾಡಿದ. ವಯೋಲಾ ಮಾತ್ರ ಅವನ ಹಳೆಯ ಕೋಣೆಯ ಬೀರುವಿನಲ್ಲಿ, ಚಳಿಗಾಲದ ಕೋಟುಗಳ ಹಿಂದೆ ಉಳಿಯಿತು. ರಾಯರು ತಪ್ಪು ಮಾಡಿದರೆನ್ನುವಂತಿಲ್ಲ. ಎರಡು ಸೂಟ್‌ಕೇಸ್ ಹಿಡಿದು ಪರದೇಶಕ್ಕೆ ಬಂದವರಿಗೆ ಹೊಟ್ಟೆಯ ಪ್ರಶ್ನೆ ಸಣ್ಣದಲ್ಲ. ಆದರೆ ಶನಿವಾರಗಳಲ್ಲಿ ಅಡುಗೆಮನೆಯ ರೇಡಿಯೊ ಹಾಕುವವರಿಲ್ಲವಾಯಿತು.

2018ರಲ್ಲಿ ರಾಯರ ಹೆಂಡತಿ ತೀರಿಕೊಂಡರು. ಆಸ್ಪತ್ರೆಯಲ್ಲಿ ಇಡೀ ರಾತ್ರಿ ಪಕ್ಕದಲ್ಲಿದ್ದ ರಾಯರು ಬೆಳಿಗ್ಗೆ ಒಂದು ಲೋಟ ಕಾಫಿ ತರಲು ಕೆಳಗೆ ಹೋಗಿದ್ದರು. ಮರಳಿದಾಗ ಬಾಗಿಲಲ್ಲಿ ನಿಂತಿದ್ದ ಮಗನಿಗೆ, ನರ್ಸಿಗೆ, ಎಲ್ಲರಿಗೂ ವಿಷಯ ಗೊತ್ತಿತ್ತು. ಕೈಯಲ್ಲಿ ಕಾಫಿ ಹಿಡಿದವರಿಗೆ ಮಾತ್ರ ಗೊತ್ತಿರಲಿಲ್ಲ.

2020ರ ಮಾರ್ಚ್ 12ರಂದು ಕೊರೊನಾ ಕಾರಣ ಮೆಟ್ರೊಪಾಲಿಟನ್ ಆಪೆರಾ ಬಾಗಿಲು ಹಾಕಿತು. ಎಪ್ಪತ್ತೆರಡರ ರಾಯರು ಒಂಟಿ ಮನೆಯಲ್ಲಿ ಆ ಸುದ್ದಿಯನ್ನು ಓದಿದರು. ಜೊತೆಗೇ ಇನ್ನೊಂದು ಸುದ್ದಿ: 16ರಿಂದ ಪ್ರತಿ ಸಂಜೆ ಏಳೂವರೆಗೆ, ಮುದ್ರಿಸಿಟ್ಟ ಒಂದೊಂದು ಆಪೆರಾವನ್ನು ಅಂತರಜಾಲದಲ್ಲಿ ಉಚಿತವಾಗಿ ತೋರಿಸುತ್ತಾರೆ. ಮಗನಿಗೆ ಫೋನ್ ಮಾಡಿದರು. ‘ಅದು ಹೇಗೆ ಹಾಕೋದೋ?’ ಮಗ ಫೋನಿನಲ್ಲೇ ಹೇಳಿಕೊಟ್ಟ. ಮೊದಲ ದಿನ ‘ಕಾರ್ಮೆನ್’. ಇಲ್ಲಿ ಏಳೂವರೆ, ಅಲ್ಲಿ ಆರೂವರೆ. ಫೋನನ್ನು ಇಡದೆಯೇ ಇಬ್ಬರೂ ನೋಡಿದರು.

ಮರುಸಂಜೆ ಪುಚ್ಚೀನಿಯ ‘ಲಾ ಬೊಹೀಮ್’. 1896ರಲ್ಲಿ ಟ್ಯೂರಿನ್‌ನಲ್ಲಿ ಅದರ ಮೊದಲ ಪ್ರದರ್ಶನ ನಡೆಸಿದ ಟೊಸ್ಕನೀನಿಯೇ ಐವತ್ತು ವರ್ಷಗಳ ನಂತರ, 1946ರಲ್ಲಿ, ನ್ಯೂಯಾರ್ಕಿನಿಂದ ರೇಡಿಯೊಗೆ ಅದನ್ನು ನಡೆಸಿಕೊಟ್ಟಿದ್ದ. ಕಥೆ ಸರಳ. ಪ್ಯಾರಿಸಿನ ಚಳಿಯ ಅಟ್ಟದಲ್ಲಿ ಬಡ ಕವಿ ರೊಡಾಲ್ಫೊ, ಕಸೂತಿ ಹಾಕುವ ಮಿಮಿ. ಮಿಮಿಗೆ ಕ್ಷಯ. ಜಗತ್ತಿನವರೆಲ್ಲ ಕೆಮ್ಮಿನ ಸದ್ದಿಗೆ ಬೆಚ್ಚುತ್ತಿದ್ದ ಆ ವಾರದಲ್ಲಿ ಅವಳು ಕೆಮ್ಮಿದಾಗ ರಾಯರು ಕುರ್ಚಿಯಲ್ಲಿ ಸರಿದು ಕೂತರು. ಕೊನೆಯ ಅಂಕದಲ್ಲಿ ಗೆಳತಿ ಓಲೆ ಮಾರುತ್ತಾಳೆ, ಗೆಳೆಯ ಕೋಟು ಮಾರುತ್ತಾನೆ. ಔಷಧಿ ಸಿದ್ಧವಾಗುವಷ್ಟರಲ್ಲಿ ಮಿಮಿಯ ಉಸಿರು ನಿಂತಿರುತ್ತದೆ. ಗೆಳೆಯರೆಲ್ಲರಿಗೂ ತಿಳಿಯುತ್ತದೆ. ರೊಡಾಲ್ಫೊಗೆ ತಿಳಿಯುವುದು ಎಲ್ಲರಿಗಿಂತ ಕೊನೆಗೆ, ಅವರ ಮುಖಗಳನ್ನು ನೋಡಿ.

ಪರದೆ ಬಿತ್ತು. ಫೋನಿನ ಎರಡೂ ಕಡೆ ಸದ್ದಿಲ್ಲ.

‘ಅಪ್ಪ, ಇದೀರಾ?’

‘ಇದೀನಿ ಕಣೋ.’ ಸ್ವಲ್ಪ ತಡೆದು ಹೇಳಿದರು, ‘ಅವತ್ತು ನಾನು ಕಾಫಿಗೆ ಹೋಗಬಾರದಿತ್ತು.’

‘ನಾನೇ ಕಳಿಸಿದ್ದು ಅಪ್ಪ ನಿಮ್ಮನ್ನ. ರಾತ್ರಿಯೆಲ್ಲ ಕೂತಿದ್ರಿ.’

ಎರಡು ವರ್ಷ ಇಬ್ಬರೂ ಆಡದೆ ಇಟ್ಟುಕೊಂಡಿದ್ದ ಮಾತು ಅದು.

ಹೀಗೆ ವಾರಗಳು, ತಿಂಗಳುಗಳು ಕಳೆದವು. ಹಗಲು ಹೊತ್ತು ರಾಯರು ಓದುತ್ತಿದ್ದರು. ಜಯಚಾಮರಾಜ ಒಡೆಯರ್ ಯೌವನದಲ್ಲಿ ತಾವೇ ಕಚೇರಿ ಕೊಡುವ ಪಿಯಾನೊ ವಾದಕರಾಗಬೇಕೆಂದಿದ್ದರಂತೆ. 1940ರಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡು, ಇಪ್ಪತ್ತೊಂದರ ಹುಡುಗನಿಗೆ ಸಿಂಹಾಸನ ಬಂತು. ಆ ಆಸೆ ಅಲ್ಲಿಗೇ ನಿಂತಿತು. ಆದರೆ ಸಂಗೀತ ನಿಲ್ಲಲಿಲ್ಲ. ಮುಂದೆ ಅವರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಈ ಪುಟವನ್ನು ರಾಯರು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, ಎದ್ದು ಮಗನ ಹಳೆಯ ಕೋಣೆಗೆ ಹೋದರು.

ಅಂದು ಸಂಜೆ ಆಪೆರಾ ಶುರುವಾಗುವ ಮೊದಲೇ ಹೇಳಿದರು, ‘ಸೋದರಮಾವ ಇಲ್ಲೇ ಇದ್ದಾನೆ ಕಣೋ, ಕೋಟುಗಳ ಹಿಂದೆ.’

‘ತಂತಿ ಎಲ್ಲ ಹೋಗಿರಬೇಕು ಅಪ್ಪ.’

‘ಎರಡು ಹೋಗಿದೆ. ತಂತಿ ಅಂಗಡೀಲಿ ಸಿಗುತ್ತೆ.’

2021ರ ಸೆಪ್ಟೆಂಬರ್ 27ರಂದು ಆ ಭವನದಲ್ಲಿ ಮತ್ತೆ ಆಪೆರಾ ಶುರುವಾಯಿತು. ಟೆರೆನ್ಸ್ ಬ್ಲಾಂಚರ್ಡ್ ರಚಿಸಿದ ಆ ಆಪೆರಾ, ಕಪ್ಪು ಸಂಗೀತಗಾರರೊಬ್ಬರ ಕೃತಿ ಅಲ್ಲಿ ರಂಗಕ್ಕೇರಿದ ಮೊದಲ ಸಂದರ್ಭ. ಪತ್ರಿಕೆಯ ಆ ತುಣುಕನ್ನೂ ರಾಯರು ಕತ್ತರಿಸಿ ಇಟ್ಟಿದ್ದಾರೆ. ಅಷ್ಟರಲ್ಲಿ ಮಗ ಬಂದು ವಯೋಲಾ ಒಯ್ದಾಗಿತ್ತು. ಈಗ ಅವನು ತನ್ನ ಊರಿನ ಹವ್ಯಾಸಿ ವಾದ್ಯವೃಂದದಲ್ಲಿ ಕೊನೆಯ ಸಾಲಿನಲ್ಲಿ ನುಡಿಸುತ್ತಾನೆ. ಬೆರಳು ಮೊದಲಿನಂತಿಲ್ಲ ಎನ್ನುತ್ತಾನೆ. ಇಪ್ಪತ್ತೈದು ವರ್ಷದ ತುಕ್ಕು ಒಂದೆರಡು ಚಳಿಗಾಲದಲ್ಲಿ ಹೋಗುವುದೆ?

ಶನಿವಾರದ ಪ್ರಸಾರ ಇಂದಿಗೂ ನಡೆದಿದೆ. ಚಳಿಗಾಲದಲ್ಲಿ ನ್ಯೂಯಾರ್ಕಿನ ಮಧ್ಯಾಹ್ನ ಒಂದು ಗಂಟೆಯೆಂದರೆ ನಮ್ಮಲ್ಲಿ ರಾತ್ರಿ ಹನ್ನೊಂದೂವರೆ. ಪರೀಕ್ಷೆ ಮುಗಿದ ಮಕ್ಕಳು ಎದ್ದಿರುವ ಹೊತ್ತೇ. ಬೇಸಿಗೆಯಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಕಚೇರಿಗಳೂ ಇವೆ. ಮೊದಲು ಕಥೆ ಓದಿಕೊಳ್ಳಬೇಕು, ಒಂದು ಅಂಕ ಕೇಳಿದರೆ ಸಾಕು, ನಿದ್ದೆ ಬಂದರೆ ನಾಚಿಕೆ ಬೇಡ ಎನ್ನುವುದು ರಾಯರ ಸಲಹೆ. ಕಾಂಬೋದಿ ಮುಗಿಯುವುದರೊಳಗೆ ನಿದ್ದೆ ಹೋಗುತ್ತಿದ್ದವರ ಮಾತು ಅದು.

ಮಗನ ತಾಲೀಮು ಇರುವುದು ಶನಿವಾರ ಬೆಳಿಗ್ಗೆ. ಮುಗಿದ ಕೂಡಲೇ ಫೋನ್ ಬರುತ್ತದೆ. ರಾಯರು ಅಡುಗೆಮನೆಯ ರೇಡಿಯೊದ ದನಿ ತಗ್ಗಿಸಿ ಮೊದಲು ಕೇಳುವ ಪ್ರಶ್ನೆ ಒಂದೇ: ‘ಇವತ್ತು ಏನು ನುಡಿಸಿದ್ರಿ?’