ಓದಲು ಬಾರದ ನೋಟೀಸು

ಶಾಲೆಗೊಂದು ವೆಬ್‌ಸೈಟ್ ಬೇಕೆಂದು ಕುದೇರಿನ ಹಳೆಯ ವಿದ್ಯಾರ್ಥಿಗಳು ತೀರ್ಮಾನಿಸಿದಾಗ ಆ ಕೆಲಸ ಬಂದು ಬಿದ್ದದ್ದು ನನ್ನ ಕೊರಳಿಗೆ. ನಾನು ಬಿ.ಎ., ಬಿ.ಇಡಿ. ಓದುವಾಗ ಕಂಪ್ಯೂಟರಿನ ಮುಖ ಕಂಡವಳಲ್ಲ. ಆದರೂ ಹದಿನೈದು ದಿನಗಳಲ್ಲಿ ಪುಟ ಸಿದ್ಧವಾಯಿತು. ಹಸಿರು ಹೊಲದ ಚಿತ್ರ, ಓಡುವ ಅಕ್ಷರ, ತಿಳಿಹಳದಿಯ ಮೇಲೆ ಬಿಳಿ ಬರಹ! ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆ ಅದನ್ನೂ ತೋರಿಸಿದೆ.

ಒಂದು ಸಂಜೆ ಹಳೆಯ ಶಿಷ್ಯನೊಬ್ಬನ ಫೋನು ಬಂತು. ಅವನು ಹುಟ್ಟಿನಿಂದ ಕಣ್ಣು ಕಾಣದ ಹುಡುಗ.

"ಮಿಸ್, ತಂಗಿಗೆ ಸ್ಕಾಲರ್‌ಶಿಪ್ ಅರ್ಜಿ ಹಾಕ್ಬೇಕು. ನಿಮ್ಮ ನೋಟೀಸಲ್ಲಿ ಕೊನೇ ತಾರೀಕು ಏನದ? ನನ್ನ ಫೋನು ಬರೀ 'ಚಿತ್ರ' ಅಂತದ, ಮುಂದಕ್ಕ ಬಾಯೇ ಬಿಡದು."

ಕೊನೆಯ ತಾರೀಕು ಹಿಂದಿನ ದಿನವೇ ಕಳೆದಿತ್ತು. ಹೇಳುವಾಗ ನನ್ನ ದನಿ ಉಡುಗಿತು.

ನಾನು ನೋಟೀಸನ್ನು ಕಾಗದದಲ್ಲಿ ಅಚ್ಚು ಹಾಕಿಸಿ, ಫೋಟೊ ತೆಗೆದು ಅಂಟಿಸಿದ್ದೆ. ನಮಗೆ ಅದು ಅಕ್ಷರ, ಓದಿ ಹೇಳುವ ಯಂತ್ರಕ್ಕೆ ಬರೀ ಬಣ್ಣ. ಸರಿ, ಹಳೆಯ ನುಡಿ ಕಡತವನ್ನೇ ಹಾಕಿದೆ. ಅದು ಇನ್ನೂ ಫಜೀತಿ. ಆ ಬರಹದಲ್ಲಿ ಕನ್ನಡದ ರೂಪಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವಂತೆ, ಅವನಿಗೆ ಕೇಳಿಸಿದ್ದು ಅರ್ಥವಿಲ್ಲದ ಗೊಣಗಾಟ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಮನೆಯಿದೆ. ನಾನು ಅಲ್ಲಿಗೆ ಹೋಗಿ ಸೇರಿದ್ದು ಈಗ!

ಅವನು ಕಂಪ್ಯೂಟರಿನಲ್ಲಿ ಬಳಸುವುದು ಎನ್‌ವಿಡಿಎ. ಆಸ್ಟ್ರೇಲಿಯದ ಇಬ್ಬರು ಅಂಧ ಗೆಳೆಯರು 2006ರಲ್ಲಿ ಆರಂಭಿಸಿ ಪುಕ್ಕಟೆಯಾಗಿ ಹಂಚಿದ ತಂತ್ರಾಂಶ. ಅದರಲ್ಲಿ ಎಚ್ ಕೀಲಿ ಒತ್ತಿದರೆ ತಲೆಬರಹದಿಂದ ತಲೆಬರಹಕ್ಕೆ ಹಾರಬಹುದು. ನನ್ನ ಪುಟದಲ್ಲಿ ದಪ್ಪ ಅಕ್ಷರಗಳಿದ್ದವೇ ಹೊರತು ತಲೆಬರಹವೆಂದು ಗುರುತು ಮಾಡಿದ್ದು ಒಂದೂ ಇರಲಿಲ್ಲ. ಕೊಂಡಿಗಳೆಲ್ಲ "ಇಲ್ಲಿ ಒತ್ತಿ". ಅವನ ಕಿವಿಗೆ ಹನ್ನೊಂದು ಸಲ "ಇಲ್ಲಿ ಒತ್ತಿ, ಇಲ್ಲಿ ಒತ್ತಿ". ಯಾವುದನ್ನು ಒತ್ತುವುದು, ಪಾಪ?

ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಕಂಪ್ಯೂಟರಿಗೆ ಮುಂಚೆ ಕಾಗದ ಹಿಡಿದೆ. ಇಲ್ಲಿಗೆ ಯಾರು, ಏನು ಹುಡುಕಿಕೊಂಡು ಬರುತ್ತಾರೆ? ತಾಯಂದಿರಿಗೆ ಬೇಕಾದದ್ದು ಟಿ.ಸಿ., ದಾಖಲಾತಿ, ರಜೆ, ಸ್ಕಾಲರ್‌ಶಿಪ್. ಸಂಸ್ಥಾಪಕರ ಭಾವಚಿತ್ರ ಹಿಂದಿನ ಪುಟಕ್ಕೆ ಸರಿಯಿತು (ಅದಕ್ಕೆ ಕೆಲವರ ಮುಖ ಊದಿತು, ಇರಲಿ). ಹಳದಿಯ ಮೇಲಿನ ಬಿಳಿ ಬರಹವೂ ಹೋಯಿತು. ಬರಹಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಬೇಕೆಂದು 2008ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನನ್ನ ಕನ್ನಡಕಕ್ಕೂ ಅದೇ ಹಿತವಾಯಿತು.

ತಂಗಿಯ ಅರ್ಜಿಗೆ ಆ ವರ್ಷ ದಾರಿ ಸಿಗಲಿಲ್ಲ. ಈಗ ಮೊದಲ ತಲೆಬರಹವೇ "ಕೊನೆಯ ದಿನಾಂಕಗಳು". ಹಾಕಿದ ದಿನವೇ ಅವನಿಗೆ ಫೋನು ಮಾಡಿದೆ. ಪೂರ್ತಿ ಕೇಳಿ ಅಂದ:

"ಈಗ ಓದ್ತದ ಮಿಸ್. ಆದ್ರ ಮೂರನೇ ಸಾಲಲ್ಲಿ ಒಂದು ಒತ್ತಕ್ಷರ ಬಿಟ್ಟೀರಿ. ಅದು ತಪ್ಪನ್ನೂ ಹಂಗೇ ಓದ್ತದ."