ಒಂದೇ ಪ್ರತಿಯ ಕಾಗದ

ಹೋದ ತಿಂಗಳು ರದ್ದಿಯವನು ಬಾಗಿಲಿಗೆ ಬಂದಾಗ ನಮ್ಮ ಮನೆಯಾಕೆ ನನ್ನ ಹಳೆಯ ಟ್ರಂಕನ್ನೇ ಎಳೆದು ಅವನ ಮುಂದಿಟ್ಟಳು. "ಇರುವುದು ಎರಡು ಕೋಣೆ. ಅದರಲ್ಲಿ ಒಂದು ನಿಮ್ಮ ಕಾಗದಗಳಿಗೇ ಆಯಿತು" ಎಂದಳು. ಮಾತು ಸುಳ್ಳಲ್ಲ. ಆದರೆ ಮುಂಬಯಿಯ ಕೋಟೆ ಭಾಗದಲ್ಲಿ ಸಾಲಿಸಿಟರರೊಬ್ಬರ ಕಛೇರಿಯಲ್ಲಿ ಮೂವತ್ತೆರಡು ವರ್ಷ ದಸ್ತಾವೇಜುಗಳ ನಕಲು ಮಾಡಿದ ನನಗೆ, ಕಾಗದವನ್ನು ತೂಕಕ್ಕೆ ಹಾಕಲು ಕೈ ಬಾರದು. ಟ್ರಂಕನ್ನು ಮತ್ತೆ ಒಳಕ್ಕೆ ಸೇರಿಸಿದೆ. ಕಾರಣ ಹೇಳಬೇಕಾದರೆ ಸ್ಕಾಟ್ಲೆಂಡಿನವರೆಗೆ ಹೋಗಿಬರಬೇಕು, ಓದುಗರು ಬೇಸರಪಡಬಾರದು.

ನಮ್ಮ ಕಛೇರಿಯ ಕಪಾಟಿನಲ್ಲಿ ಆ ದೇಶದ ನ್ಯಾಯದ ಚರಿತ್ರೆಯ ಹಳೆಯ ಪುಸ್ತಕವೊಂದಿತ್ತು. ಊಟದ ಡಬ್ಬಿ ಖಾಲಿಯಾದ ಮೇಲೆ ಅದನ್ನು ತಿರುವಿಹಾಕುತ್ತಿದ್ದೆ. ಅದರಲ್ಲಿ ಬರುವ ರಾಜರಿಗಿಂತ ಕಾಗದಪತ್ರಗಳ ಹಣೆಬರಹವೇ ನನ್ನ ಮನಸ್ಸನ್ನು ಹಿಡಿಯಿತು.

1651ರಲ್ಲಿ ಕ್ರಾಮ್‌ವೆಲ್ಲನ ಸೇನೆ ಸ್ಟರ್ಲಿಂಗ್ ಕೋಟೆಯನ್ನು ಹಿಡಿದಾಗ ಸ್ಕಾಟ್ಲೆಂಡಿನ ರಾಜ್ಯದ ದಫ್ತರಗಳು ಅದರ ಕೈಸೇರಿ ಲಂಡನ್ನಿಗೆ ಹೋದವು. 1660ರಲ್ಲಿ ಅರಸೊತ್ತಿಗೆ ಮರಳಿ ಬಂದ ಮೇಲೆ ಅವನ್ನು ಹಡಗಿನಲ್ಲಿ ಹಿಂದಕ್ಕೆ ಕಳುಹಿಸಿದರು. ದಾರಿಯಲ್ಲಿ ಬಿರುಗಾಳಿ. ಭಾರ ಇಳಿಸಲೆಂದು 85 ದೊಡ್ಡ ಪೀಪಾಯಿಗಳಷ್ಟು ಕಾಗದವನ್ನು 'ಎಲಿಜಬೆತ್' ಎಂಬ ಬೇರೊಂದು ಹಡಗಿಗೆ ದಾಟಿಸಿದರು. ಡಿಸೆಂಬರ್ ತಿಂಗಳಲ್ಲಿ ಆ ಹಡಗೇ ಮುಳುಗಿತು. ಒಂದು ನಾಡಿನ ನೆನಪು ಪೀಪಾಯಿಗಳೊಂದಿಗೆ ಸಮುದ್ರದ ಪಾಲಾಯಿತು.

ಹಾಗಾದರೆ ಉಳಿದದ್ದೇನು? ಯಾರೋ ತಮ್ಮ ಉಪಯೋಗಕ್ಕೆಂದು ನಕಲು ಮಾಡಿ ಬೇರೆಡೆ ಇಟ್ಟುಕೊಂಡಿದ್ದವು ಉಳಿದವು. ಹದಿಮೂರನೆಯ ಶತಮಾನದ ಒಂದು ಕಾನೂನಿನ ಹಸ್ತಪ್ರತಿ ಹೇಗೋ ಸ್ವಿಟ್ಜರ್ಲೆಂಡಿನ ಬರ್ನ್ ಪಟ್ಟಣವನ್ನು ಸೇರಿತ್ತು. 1814ರಲ್ಲಿ ಅಲ್ಲಿಯವರು ಅದನ್ನು ತಾಯ್ನಾಡಿಗೆ ಹಿಂದಿರುಗಿಸಿದರು. ಒಬ್ಬನನ್ನು ಕೊಂದರೆ ತೆರಬೇಕಾದ ದಂಡದ ಪಟ್ಟಿ ಅದರಲ್ಲಿದೆ: ರಾಜನ ಪ್ರಾಣಕ್ಕೆ 1000 ಹಸು, ಹೊಲಗೆಲಸದವನ ಪ್ರಾಣಕ್ಕೆ 16! ನಕ್ಕೆನಾದರೂ, ಬಡವನಿಗೂ ಒಂದು ಬೆಲೆಯನ್ನು ಬರೆದಿಟ್ಟರಲ್ಲಾ ಎಂದು ಆಮೇಲೆ ಅನ್ನಿಸಿತು. ಅದೇ ದೇಶದಲ್ಲಿ ಒಂದನೆಯ ಜೇಮ್ಸ್ ಅರಸನ ಕಾಲಕ್ಕೆ, 1424ರಲ್ಲಿ, ಬಡವನಿಗೆ ವಕೀಲನನ್ನು ನ್ಯಾಯಾಧೀಶನೇ ಗೊತ್ತುಮಾಡಿಕೊಡಬೇಕೆಂಬ ಶಾಸನವೂ ಆಯಿತು.

ತೀರ್ಪುಗಳ ಕಥೆಯೂ ಹೀಗೆಯೇ. 1532ರಲ್ಲಿ ಐದನೆಯ ಜೇಮ್ಸ್ ಎಡಿನ್‌ಬರೋದಲ್ಲಿ 'ಕೋರ್ಟ್ ಆಫ್ ಸೆಷನ್' ಎಂಬ ನ್ಯಾಯಸ್ಥಾನವನ್ನು ಸ್ಥಿರಪಡಿಸಿದ. ಆಗ ತೀರ್ಪುಗಳನ್ನು ಅಚ್ಚುಹಾಕುವ ಪದ್ಧತಿ ಇರಲಿಲ್ಲ. ಜಾನ್ ಸಿಂಕ್ಲೇರ್ ಎಂಬ ನ್ಯಾಯಾಧೀಶ 1540ರಿಂದ 1549ರವರೆಗಿನ ತೀರ್ಪುಗಳನ್ನು ಗುರುತುಹಾಕಿಟ್ಟ. ಇಂಥ ಟಿಪ್ಪಣಿಗಳಿಗೆ 'ಪ್ರಾಕ್ಟಿಕ್ಸ್' ಎಂದು ಹೆಸರು. ಸರ್ ಜೇಮ್ಸ್ ಬಾಲ್ಫರ್ ಕಾಯಿದೆಗಳನ್ನೂ ತೀರ್ಪುಗಳನ್ನೂ ವಿಷಯವಾರು ಜೋಡಿಸಿ, 1583ರಲ್ಲಿ ತೀರಿಕೊಂಡ. ಅವನ ಗ್ರಂಥ ಅಚ್ಚಾದದ್ದು 1754ರಲ್ಲಿ. ನಡುವಿನ ನೂರೆಪ್ಪತ್ತು ವರ್ಷ ಅದನ್ನು ಬದುಕಿಸಿದವರು ಯಾರು? ಕೈಬರಹದಲ್ಲಿ ಪ್ರತಿ ತೆಗೆದುಕೊಂಡವರು. ಅಂದರೆ, ನನ್ನ ಜಾತಿಯವರು! ನಕಲಿನಲ್ಲಿ ಅಕ್ಷರ ತಪ್ಪುತ್ತದೆ, ಸಾಲು ಬಿಟ್ಟುಹೋಗುತ್ತದೆ. ಆದರೆ ತಪ್ಪಿರುವ ಪ್ರತಿಗಳು ನಾಲ್ಕಿದ್ದರೆ ಹೋಲಿಸಿ ಸರಿಪಡಿಸಬಹುದು. ಇಲ್ಲದ ಪ್ರತಿಯನ್ನು ಯಾವ ಪಂಡಿತನೂ ಸರಿಪಡಿಸಲಾರ.

ಇದನ್ನೆಲ್ಲ ಓದಿ ತಿಳಿದಿದ್ದ ನಾನು ಮಾಡಿದ್ದೇನು ಗೊತ್ತೆ? ಊರಿನಲ್ಲಿ ನಮ್ಮ ಅಜ್ಜನ ಕಾಲದ ಪಾಲುಪಟ್ಟಿ ಇತ್ತು. ರಿಜಿಸ್ಟರ್ ಆಗದ ಕಾಗದ. ಹಿರಿಯರ ಸಹಿ ಮಾತ್ರ. ಸಣ್ಣ ವಯಸ್ಸಿಗೇ ವಿಧವೆಯಾದ ನನ್ನ ಸೋದರತ್ತೆಗೆ ಬದುಕಿರುವತನಕ ಮನೆಯ ಒಂದು ಕೋಣೆ, ವರ್ಷಕ್ಕೆ ಇಷ್ಟು ಭತ್ತ ಎಂದು ಅದರಲ್ಲಿ ಬರೆದಿತ್ತು. "ನೀನು ಕೋರ್ಟು ಕಛೇರಿಯವನು, ಇದಕ್ಕೊಂದು ನಕಲು ಮಾಡಿಕೊಡಪ್ಪಾ" ಎಂದು ರಜೆಗೆ ಹೋದಾಗಲೆಲ್ಲ ಅತ್ತೆ ಕೇಳುತ್ತಿದ್ದಳು. "ಆಗಲಿ ಅತ್ತೆ, ಮುಂದಿನ ಸಲ" ಎನ್ನುತ್ತಿದ್ದೆ. ಒಂದು ಮಳೆಗಾಲ ಅಟ್ಟ ಸೋರಿ, ಪೆಟ್ಟಿಗೆಯೊಳಗಿನ ಕಾಗದವೆಲ್ಲ ಮುದ್ದೆಯಾಯಿತು. ಕಾಗದ ಹೋದ ಮೇಲೆ ಮಾತೂ ಹೋಯಿತು. ಅತ್ತೆ ಕೊನೆಯ ನಾಲ್ಕು ವರ್ಷ ಅವರಿವರ ಮನೆಯ ಪಡಸಾಲೆಯಲ್ಲಿ ಕಳೆದಳು. ನನ್ನನ್ನು ಒಂದು ದಿನವೂ ಆಡಿಕೊಳ್ಳಲಿಲ್ಲ. ಪರರ ದಸ್ತಾವೇಜುಗಳನ್ನು ಸಾವಿರಗಟ್ಟಲೆ ನಕಲು ಮಾಡಿದ ಈ ಕೈ, ನಮ್ಮ ಮನೆಯ ಒಂದು ಹಾಳೆಯನ್ನು ಮಾಡಲಿಲ್ಲ.

ಊರು ಬಿಟ್ಟು ಬಂದಿರುವ ನಮಗೆಲ್ಲ ಊರಿನ ಅಟ್ಟದ ಮೇಲೆ ಒಂದು ಪೆಟ್ಟಿಗೆ ಇದ್ದೇ ಇರುತ್ತದೆ. ಮುಂದಿನ ಸಲ ಹೋದಾಗ ಅದನ್ನು ತೆರೆಯಿರಿ. ಎರಡು ಪ್ರತಿ ತೆಗೆಸಿ, ಎರಡು ಬೇರೆ ಮನೆಗಳಲ್ಲಿ ಇಡಿರಿ. ಈಗ ಅದು ಐದು ನಿಮಿಷದ ಕೆಲಸ.

ಅಂದು ರದ್ದಿಯವನು ಬರಿಗೈಯಲ್ಲಿ ಹೋದ. ನಮ್ಮಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಟ್ರಂಕಿನ ಕೆಳಗೆ ನಾಲ್ಕು ಇಟ್ಟಿಗೆ ತಂದಿಟ್ಟಳು. "ಮಳೆಗಾಲ ಹತ್ತಿರ ಬಂತಲ್ಲ" ಎಂದಳು.